ಗೇಟಿನಿಂದ ಮನೆಯ ತನಕ

ಜೈಲಿನಿಂದ ಗಂಡಸು ಬಿಡುಗಡೆಯಾಗುವ ದಿನ ಗೇಟಿನ ಹೊರಗೆ ಸಾಮಾನ್ಯವಾಗಿ ಯಾರಾದರೂ ಕಾದಿರುತ್ತಾರೆ. ಹೆಂಡತಿ ಬುತ್ತಿ ಕಟ್ಟಿಕೊಂಡು ಬಂದಿರುತ್ತಾಳೆ, ತಮ್ಮ ಯಾರದೋ ಗಾಡಿ ಕೇಳಿ ತಂದಿರುತ್ತಾನೆ. ಅವನು ಒಳಗಿದ್ದಷ್ಟು ಕಾಲವೂ ಮನೆ ಅವನ ಮನೆಯಾಗಿಯೇ ಉಳಿದಿರುತ್ತದೆ. ಹೆಂಗಸಿಗೆ ಆ ಭಾಗ್ಯ ಅಪರೂಪ. ಅವಳು ಒಳಗೆ ಹೋದಳೆಂದರೆ ಗಂಡನ ಮನೆಯವರು ಅವಳ ಹೆಸರೆತ್ತುವುದನ್ನೇ ಬಿಡುತ್ತಾರೆ. ತವರಿನವರು ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಕೈತೊಳೆದುಕೊಳ್ಳುತ್ತಾರೆ. ನೋಡಲು ಬರುವವರು ಮೊದಮೊದಲು ಬರುತ್ತಾರೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ಬಿಡುಗಡೆಯ ಆದೇಶ ಬಂದ ದಿನ ಅವಳೆದುರು ನಿಲ್ಲುವ ಪ್ರಶ್ನೆ ಒಂದೇ: ಯಾವ ಮನೆಗೆ ಹೋಗಲಿ?

ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಸ್ವಯಂಸೇವಾ ಸಂಸ್ಥೆಯ ಸಮಾಜ ಕಾರ್ಯಕರ್ತೆಯರು, ಕೆಲವು ಪ್ರೊಬೇಷನ್ ಅಧಿಕಾರಿಗಳು, ಕಾನೂನು ಸೇವಾ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕಿಯರು. ಕಾಗದದ ಮೇಲೆ ಅವರ ಕೆಲಸಕ್ಕೆ 'ಪುನರ್ವಸತಿ' ಎಂಬ ದೊಡ್ಡ ಹೆಸರಿದೆ. ಹತ್ತಿರದಿಂದ ನೋಡಿದರೆ ಅದು ನೂರು ಸಣ್ಣ ಕೆಲಸಗಳ ಸರಣಿ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ, ಯಾವ ಮಾತನ್ನು ಆಡಲೇಬಾರದು ಎಂದು ತಿಳಿಯುವುದರಲ್ಲಿ ಅದರ ಜಾಣ್ಮೆಯೆಲ್ಲ ಇದೆ. ಅವರು ಕಟ್ಟಿಕೊಡಲು ನೋಡುವುದು ದೊಡ್ಡದೇನನ್ನೂ ಅಲ್ಲ: ಒಬ್ಬ ಹೆಂಗಸಿಗೆ ತನ್ನ ಊರಿನಲ್ಲಿ ಮೊದಲಿದ್ದಂಥ ಸಾಧಾರಣ ಜಾಗ. ಪಡಿತರ ಚೀಟಿಯಲ್ಲಿ ಹೆಸರು, ಸಂಘದ ಸಭೆಯಲ್ಲಿ ಕೂರಲು ಚಾಪೆ, ಮಗಳ ಶಾಲೆಯಲ್ಲಿ ಸಹಿ ಹಾಕುವ ಹಕ್ಕು.

ಅಂಕಿಗಳನ್ನು ಒಮ್ಮೆ ನೋಡಿಬಿಡೋಣ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ ಹೆಂಗಸರು 23,772. ಅಂದರೆ ನೂರಕ್ಕೆ ನಾಲ್ವರು. ಈ ಸಣ್ಣ ಪಾಲೇ ಅವರಿಗೆ ದೊಡ್ಡ ತೊಂದರೆ. ಜೈಲಿನ ನಿಯಮ, ಅದರ ಕಾರ್ಖಾನೆ, ಪೆರೋಲಿನ ಷರತ್ತು, ಹೊರಬಂದ ಮೇಲಿನ ನೆರವು ಎಲ್ಲವೂ ಉಳಿದ ತೊಂಬತ್ತಾರು ಮಂದಿಯ ಅಳತೆಗೆ ಹೊಲಿದದ್ದು. ಹೆಂಗಸರಿಗೆಂದೇ ಇರುವ ಜೈಲುಗಳು ಕಡಿಮೆ. ಹೆಚ್ಚಿನವರು ಗಂಡಸರ ಜೈಲಿನ ಆವರಣದಲ್ಲೇ ಗೋಡೆ ಎಬ್ಬಿಸಿ ಬೇರ್ಪಡಿಸಿದ ವಿಭಾಗದಲ್ಲಿರುತ್ತಾರೆ. ಶಿಕ್ಷೆಯಾದವಳನ್ನು ದೂರದ ಕೇಂದ್ರ ಕಾರಾಗೃಹಕ್ಕೆ ಕಳಿಸಿದರೆ ನೋಡಲು ಬರುವವರು ಒಂದು ದಿನದ ಕೂಲಿ ಬಿಡಬೇಕು, ಬಸ್ಸಿಗೆ ದುಡ್ಡು ಹೊಂದಿಸಬೇಕು. ಸಂಬಂಧ ಕಡಿದುಹೋಗಲು ದ್ವೇಷವೇ ಬೇಕಿಲ್ಲ, ಬಸ್ ಚಾರ್ಜು ಸಾಕು.

ಈ ಕಸುಬು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಅದಕ್ಕೆ ಕರ್ನಾಟಕದ ನಂಟೂ ಇದೆ. 1950ರ ದಶಕದಲ್ಲಿ, ಬಿಡುಗಡೆಯಾದವರ ಅನುಪಾಲನೆಗೆ ಏನು ಮಾಡಬೇಕೆಂದು ಎಂ.ಎಸ್. ಗೋರೆ ಅವರ ಸಮಿತಿ ಕೂತಿತು. ಅದೇ ಕಾಲಕ್ಕೆ ಶೋಷಣೆಯಿಂದ ಪಾರಾಗಿ ಬಂದ ಹೆಂಗಸರ ಪ್ರಶ್ನೆಯನ್ನು ಕೈಗೆತ್ತಿಕೊಂಡ ಇನ್ನೊಂದು ಸಮಿತಿಗೆ ಅಧ್ಯಕ್ಷೆಯಾಗಿದ್ದವರು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಧನ್ವಂತಿ ರಾಮ ರಾವ್. ಇಂದಿಗೂ ನಮ್ಮ ಹಲವು ಊರುಗಳಲ್ಲಿರುವ ರಾಜ್ಯ ಮಹಿಳಾ ನಿಲಯಗಳಂಥ ವ್ಯವಸ್ಥೆ ಆ ಕಾಲದ ಚಿಂತನೆಯಿಂದ ಬಂದದ್ದು. 1987ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಮಿತಿ ಮಹಿಳಾ ಬಂದಿಗಳ ಬಗ್ಗೆಯೇ ವರದಿ ಕೊಟ್ಟಿತು. 1990ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 'ಪ್ರಯಾಸ್' ಎಂಬ ಯೋಜನೆ ಶುರುಮಾಡಿ, ತರಬೇತಾದ ಸಮಾಜ ಕಾರ್ಯಕರ್ತರನ್ನು ಜೈಲಿನೊಳಕ್ಕೆ ಕಳಿಸಿತು. ಇವತ್ತು ಈ ಕೆಲಸವನ್ನು ಯಾರು ಚೆನ್ನಾಗಿ ಮಾಡುತ್ತಿದ್ದರೂ ಪ್ರಯಾಸ್ ಹಾಕಿಕೊಟ್ಟ ದಾರಿಯಲ್ಲಿ ಒಂದಷ್ಟು ದೂರ ನಡೆದೇ ಇರುತ್ತಾರೆ. 2010ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಮಹಿಳಾ ಬಂದಿಗಳಿಗಾಗಿ 70 ನಿಯಮಗಳನ್ನು ಒಪ್ಪಿಕೊಂಡಿತು. ಅವಕ್ಕೆ ಬ್ಯಾಂಕಾಕ್ ನಿಯಮಗಳೆಂದು ಹೆಸರು. ವರದಿಗಳ ಕಥೆ ಇಷ್ಟು ಸಾಕು, ಕೆಲಸ ನಡೆಯುವುದು ಬೇರೆ ಕಡೆ.

ಕೆಲಸ ಶುರುವಾಗುವುದು ಜೈಲಿನ ಒಳಗೆ. ಬಿಡುಗಡೆಗೆ ಇನ್ನೂ ವರ್ಷಗಳಿರುವಾಗಲೂ ಆಗಬಹುದು, ಮೊದಲ ವಾರದಲ್ಲೂ ಆಗಬಹುದು. ಅನುಭವಿ ಕಾರ್ಯಕರ್ತೆ ಮೊದಲ ಭೇಟಿಯಲ್ಲಿ 'ಏನು ಮಾಡಿ ಬಂದೆ' ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಪೊಲೀಸರು ಕೇಳಿರುತ್ತಾರೆ, ವಕೀಲರು ಕೇಳಿರುತ್ತಾರೆ, ಬ್ಯಾರಕ್ಕಿನ ಹೆಂಗಸರು ಮೊದಲ ರಾತ್ರಿಯೇ ಕೇಳಿರುತ್ತಾರೆ. ಅಷ್ಟು ಸಲ ಹೇಳಿ ಹೇಳಿ ಅವಳ ಉತ್ತರ ಒಂದು ಪಾಠವಾಗಿ ಹೋಗಿರುತ್ತದೆ. ಕಾರ್ಯಕರ್ತೆ ಕೇಳುವುದು 'ಮಕ್ಕಳು ಯಾರ ಹತ್ತಿರ ಇದ್ದಾರೆ' ಎಂದು. ಅಲ್ಲಿಗೆ ಪಾಠ ಮುರಿಯುತ್ತದೆ. ಬಂಧನವಾದ ಹೊತ್ತಿನಲ್ಲಿ ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬಂದವಳಿರುತ್ತಾಳೆ. ಆ ಮಗು ಈಗ ಅಲ್ಲಿದೆಯೋ, ಅಜ್ಜಿಯ ಮನೆಯಲ್ಲಿದೆಯೋ, ಬಾಲಮಂದಿರಕ್ಕೆ ಹೋಯಿತೋ ಅವಳಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಕಾರ್ಯಕರ್ತೆಯ ಮೊದಲ ಕೆಲಸ ಹೋಗಿ ನೋಡಿ ಬಂದು ಹೇಳುವುದು. ಇದರಲ್ಲಿ ಒಂದು ಕಟ್ಟುನಿಟ್ಟಿದೆ. 'ಚೆನ್ನಾಗಿದ್ದಾಳೆ, ಯೋಚನೆ ಮಾಡಬೇಡ' ಎಂಬ ಮಾತು ಸಾಲದು. ಯಾವ ಶಾಲೆ, ಎಷ್ಟನೇ ತರಗತಿ, ಟೀಚರು ಏನಂದರು, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ್ದರೋ ಇಲ್ಲವೋ, ಮೈಮೇಲೆ ಗಾಯವಿತ್ತೋ, ಅಮ್ಮನನ್ನು ಕೇಳಿದಳೋ. ಕಂಡದ್ದನ್ನು ಕಂಡಂತೆ ತಂದು ಒಪ್ಪಿಸಬೇಕು. ಸುದ್ದಿ ಕೆಟ್ಟದಿದ್ದರೆ ಅದನ್ನೂ ಹೇಳಬೇಕು. ಜೈಲಿನಲ್ಲಿರುವವಳಿಗೆ ಸಮಾಧಾನದ ಮಾತು ಹೇಳುವವರು ಬೇಕಾದಷ್ಟು ಸಿಗುತ್ತಾರೆ. ನಿಜ ಹೇಳುವ ಒಬ್ಬಳು ಸಿಕ್ಕಿದಳೆಂದರೆ ಮುಂದಿನ ಕೆಲಸಕ್ಕೆಲ್ಲ ಬೇಕಾದ ನಂಬಿಕೆ ಅಲ್ಲೇ ಹುಟ್ಟುತ್ತದೆ.

ಮಕ್ಕಳು ಒಳಗೇ ಇರುವ ತಾಯಂದಿರ ಸ್ಥಿತಿ ಬೇರೆ. 2022ರ ಕೊನೆಗೆ 1,537 ಹೆಂಗಸರು 1,764 ಮಕ್ಕಳೊಂದಿಗೆ ಜೈಲಿನಲ್ಲಿದ್ದರು. ಸುಪ್ರೀಂ ಕೋರ್ಟು 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಕೊಟ್ಟ ನಿರ್ದೇಶನದಂತೆ ಮಗು ಆರು ವರ್ಷದವರೆಗೆ ತಾಯಿಯ ಜೊತೆ ಇರಬಹುದು. ಒಳಗಿರುವಾಗ ಹೆರಿಗೆಯಾದರೆ ಜನನ ಪತ್ರದಲ್ಲಿ ಜೈಲನ್ನು ಹುಟ್ಟಿದ ಸ್ಥಳವೆಂದು ಬರೆಯಬಾರದು. ಹೊರಗಿನ ಸಂಸ್ಥೆಗೆ ಕಳಿಸಿದ ಮಗುವಿಗೆ ವಾರಕ್ಕೊಮ್ಮೆಯಾದರೂ ತಾಯಿಯನ್ನು ನೋಡಲು ಬಿಡಬೇಕು. ಬ್ಯಾರಕ್ಕು, ಅಂಗಳ, ವಾರ್ಡರ್ ಅಮ್ಮಂದಿರು ಇಷ್ಟನ್ನೇ ಕಂಡ ಮಗು ಆರನೇ ವಯಸ್ಸಿಗೆ ಒಂದು ದಿನ ಹಾಸ್ಟೆಲ್ಲಿಗೆ ಹೋಗಬೇಕು. ಒಳ್ಳೆಯ ಕಾರ್ಯಕರ್ತೆ ಇದನ್ನು ಕೊನೆಯ ವಾರಕ್ಕೆ ಬಿಡುವುದಿಲ್ಲ. ಮೊದಲೇ ಮಗುವನ್ನು ಹೊರಗಿನ ಅಂಗನವಾಡಿಗೆ ಕಳಿಸಲು ಅನುಮತಿ ಕೇಳುತ್ತಾಳೆ. ನಾಯಿ, ಬಸ್ಸು, ಸಂತೆ, ಅಂಗಡಿಯಲ್ಲಿ ದುಡ್ಡು ಕೊಟ್ಟು ಬಿಸ್ಕತ್ತು ತಗೊಳ್ಳುವುದು, ಇವೆಲ್ಲ ಮಗುವಿಗೆ ಮೊದಲೇ ಪರಿಚಯವಾಗಿರಬೇಕು.

ಬಿಡುಗಡೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಶಿಕ್ಷೆ ಮುಗಿಸಿ, ಒಳ್ಳೆಯ ನಡತೆಯ ಪತ್ರ ಹಿಡಿದು ಹೊರಬರುವ ಚಿತ್ರ. ವಾಸ್ತವ ಹಾಗಿಲ್ಲ. ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅವರಲ್ಲಿ ಬಹಳಷ್ಟು ಮಂದಿ ಹೊರಬರುವುದು ಜಾಮೀನಿನ ಮೇಲೆ. ಅದು ಯಾವತ್ತು ಸಿಗುತ್ತದೆಂದು ಯಾರಿಗೂ ತಿಳಿಯದು. ಸರ್ಕಾರದ ತರಬೇತಿ, ಕೂಲಿ, ಅನುಪಾಲನೆಯ ಯೋಜನೆಗಳ ಬಹುಪಾಲು ಶಿಕ್ಷೆಯಾದವರಿಗೆಂದು ಮಾಡಿದ್ದು. ಆರು ತಿಂಗಳೋ ಎರಡು ವರ್ಷವೋ ಒಳಗಿದ್ದು, ಮನೆ ಕೆಲಸ ಮಕ್ಕಳು ಎಲ್ಲ ಚೆದುರಿಹೋಗಿ, ಕೊನೆಗೆ ನಿರ್ದೋಷಿ ಎಂದು ತೀರ್ಪು ಬಂದವಳಿಗೆ ಯಾವ ಯೋಜನೆಯ ಬಾಗಿಲೂ ಸಲೀಸಾಗಿ ತೆರೆಯುವುದಿಲ್ಲ. ಊರಿನ ಬಾಯಿ ಮಾತ್ರ ಇಬ್ಬರಿಗೂ ಒಂದೇ.

ಜಾಮೀನಿನ ಕಷ್ಟ ನೋಡಿ. ಜಾಮೀನುರಹಿತ ಅಪರಾಧದಲ್ಲೂ ಹೆಣ್ಣೆಂಬ ಕಾರಣಕ್ಕೆ ಜಾಮೀನು ಕೊಡುವ ಅವಕಾಶವನ್ನು ಕಾನೂನು ಕೊಟ್ಟಿದೆ. ಆದರೆ ಜಾಮೀನು ಮಂಜೂರಾದರೆ ಸಾಲದು, ಶ್ಯೂರಿಟಿ ನಿಲ್ಲುವವರು ಬೇಕು. ಶ್ಯೂರಿಟಿ ಎಂದರೆ ಪಹಣಿ ಹಿಡಿದು ಕೋರ್ಟಿಗೆ ಬರುವವನು. ಪಹಣಿ ಇರುವುದು ಗಂಡನ, ಮಾವನ, ಅಣ್ಣನ ಹೆಸರಿನಲ್ಲಿ. ಮನೆಯವರೇ ಕೈಬಿಟ್ಟವಳಿಗೆ ಯಾರ ಹೊಲ ಆಧಾರ? ಆದೇಶ ಕೈಯಲ್ಲಿದ್ದೂ ತಿಂಗಳುಗಟ್ಟಲೆ ಒಳಗೇ ಉಳಿದವರಿದ್ದಾರೆ. ಇಲ್ಲಿ ಕಾರ್ಯಕರ್ತೆಗೆ ಕಾನೂನಿನ ಓದು ಬೇಕು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದ ಪ್ರಕಾರ, ಜಾಮೀನು ಸಿಕ್ಕಿ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಅದೇ ವರ್ಷ ಬಂದ ಕೇಂದ್ರದ ಯೋಜನೆಯೊಂದರಲ್ಲಿ ಬಡ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡಕ್ಕೆ 25,000 ರೂಪಾಯಿವರೆಗೆ ನೆರವು ನಿಗದಿಯಾಯಿತು. ಇವೆಲ್ಲ ಇವೆಯೆಂದು ತಿಳಿದು, ಅರ್ಜಿ ಬರೆಸಿ, ಅದು ಯಾವ ಮೇಜಿನ ಮೇಲೆ ನಿಂತಿದೆಯೆಂದು ಬೆನ್ನುಹತ್ತುವವರೊಬ್ಬರು ಬೇಕು. ಶ್ಯೂರಿಟಿ ಷರತ್ತು ಸಡಿಲಿಸಿ ವೈಯಕ್ತಿಕ ಬಾಂಡಿನ ಮೇಲೆ ಬಿಡಿ ಎಂದು ಕೇಳುವ ಒಂದೇ ಒಂದು ಹಾಳೆಯ ಅರ್ಜಿ ಎಷ್ಟೋ ಸಲ ಗೇಟು ತೆರೆಸುತ್ತದೆ.

ಈಗ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ. ಬೈಲಹೊಂಗಲದ ಕಡೆಯವಳು. ಆರು ವರ್ಷ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದು ಹೊರಗೆ ಬರುತ್ತಿದ್ದಾಳೆ. ಗೇಟಿನಲ್ಲಿ ಅವಳ ಕೈಗೆ ಕೊಡುವುದು ಬಂದಾಗ ತೆಗೆದಿಟ್ಟುಕೊಂಡಿದ್ದ ಸಾಮಾನು, ದುಡಿದ ಕೂಲಿಯ ಲೆಕ್ಕ, ಒಂದು ಬಿಡುಗಡೆ ಪತ್ರ. ಅವಳ ಹಳೆಯ ಮೊಬೈಲ್ ನಂಬರು ಯಾವತ್ತೋ ಸತ್ತಿದೆ. ಮೂರು ತಿಂಗಳು ಬಳಸದಿದ್ದರೆ ಕಂಪನಿ ಅದನ್ನು ನಿಲ್ಲಿಸಿ ಬೇರೆಯವರಿಗೆ ಕೊಡಬಹುದು. ಆಧಾರಿಗೆ ಜೋಡಿಸಿದ್ದು ಅದೇ ನಂಬರು, ಹಾಗಾಗಿ ಓಟಿಪಿ ಈಗ ಯಾರೋ ಅಪರಿಚಿತರ ಫೋನಿಗೆ ಹೋಗುತ್ತದೆ. ಬ್ಯಾಂಕಿನ ಖಾತೆ ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾಗಿದೆ. ಪಡಿತರ ಚೀಟಿಯಲ್ಲಿ ಬೆರಳಚ್ಚು ಕೊಡಲು ಅವಳಿರಲಿಲ್ಲ, ಹೆಸರು ತೆಗೆದಿದ್ದಾರೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಚೀಟಿಯ ಯಜಮಾನಿ. ಅವಳು ಯಜಮಾನಿಯಾಗಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬಂದಿದ್ದಾರೆ. ಚೀಟಿಯ ಯಜಮಾನಿಗೇ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದರಿಂದ, ಮನೆಯವರು ಆ ಜಾಗವನ್ನು ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ. ಇನ್ನು ಕೋರ್ಟಿನ ಕಾಗದದಲ್ಲಿ ಅವಳ ಹೆಸರು ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ, ಒಂದರಲ್ಲಿ 'ಕೋಂ' ಎಂದು ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯದು.

ಈ ಗಂಟನ್ನು ಎಲ್ಲಿಂದ ಬಿಚ್ಚಬೇಕು ಎಂಬುದರಲ್ಲಿ ಕಾರ್ಯಕರ್ತೆಯ ಪಳಗಿದ ಕೈ ಕಾಣುತ್ತದೆ. ಹೊಸಬರು ಬ್ಯಾಂಕಿಗೋ ಆಹಾರ ಇಲಾಖೆಗೋ ಓಡುತ್ತಾರೆ, ಅಲ್ಲಿ ಓಟಿಪಿ ಕೇಳುತ್ತಾರೆ, ವಾಪಸ್ ಬರುತ್ತಾರೆ. ಪಳಗಿದವಳು ಮೊದಲು ಒಂದು ಹೊಸ ಸಿಮ್ ಕೊಡಿಸುತ್ತಾಳೆ. ಅದನ್ನು ಹಿಡಿದು ನೇರ ಆಧಾರ್ ಕೇಂದ್ರಕ್ಕೆ. ನಂಬರು ಬದಲಿಸಲು ಬೇರೆ ದಾಖಲೆ ಬೇಡ, ಬೆರಳು ಹೊಂದಿದರೆ ಸಾಕು. ಪಾತ್ರೆ ತಿಕ್ಕಿ, ಹೊಲಿದು ಬೆರಳ ಗೆರೆ ಸವೆದಿದ್ದರೆ ಕಣ್ಣಿನ ಗುರುತು ತಗೊಳ್ಳಿ ಎಂದು ಹೇಳಲು ಪಕ್ಕದಲ್ಲಿ ನಿಂತಿರುತ್ತಾಳೆ. ಆಮೇಲೆ ಬ್ಯಾಂಕು, ಆಮೇಲೆ ಪಡಿತರ, ಉಳಿದದ್ದೆಲ್ಲ ಅದರ ಹಿಂದೆ. ಊರಿಗೆ ಹೋಗುವ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ ಎಂಬುದು ಒಳಗಿದ್ದವಳಿಗೆ ಕೇಳಿ ಗೊತ್ತು, ಕಂಡು ಗೊತ್ತಿಲ್ಲ. 2023ರ ಜೂನಿನಿಂದ ನಡೆಯುತ್ತಿರುವ ಆ ಪ್ರಯಾಣಕ್ಕೂ ಈ ರಾಜ್ಯದವಳೆಂಬ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರನ ಮುಂದೆ ಆ ಕಾರ್ಡು ತೆಗೆದು ಹಿಡಿಯುವುದು ಅವಳು ಹೊರಗೆ ಬಂದು ಸ್ವಂತವಾಗಿ ಮಾಡುವ ಮೊದಲ ವ್ಯವಹಾರವಾಗಿರಬಹುದು. ಕಾರ್ಯಕರ್ತೆ ಪಕ್ಕದಲ್ಲೇ ಕೂತಿದ್ದರೂ ತಾನು ಮಾತಾಡುವುದಿಲ್ಲ, ಅವಳಿಗೆ ಬಿಡುತ್ತಾಳೆ.

ಈ ಪ್ರಯಾಣಕ್ಕೆ ಎಷ್ಟೋ ಮೊದಲೇ ಕಾರ್ಯಕರ್ತೆ ಆ ಊರಿಗೆ ಹೋಗಿ ಬಂದಿರುತ್ತಾಳೆ. ಗೃಹಭೇಟಿ ಈ ಕಸುಬಿನ ಜೀವಾಳ. ಪೊಲೀಸ್ ಜೀಪಿನಲ್ಲಿ ಹೋಗಬಾರದು, ಕುತ್ತಿಗೆಗೆ ಗುರುತಿನ ಚೀಟಿ ತೂಗಿಸಿಕೊಂಡು ಹೋಗಬಾರದು, ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ 'ಜೈಲಿಗೆ ಹೋದಾಕಿ ಮನಿ ಯಾವುದು' ಎಂದು ಕೇಳಲೇಬಾರದು. ಮಾತು ಶುರುವಾಗುವುದು ಹೀಗೆ:

"ಯವ್ವಾ, ಆರಾಮ ಅದೀರಿ?"

"ಯಾರವಾ ನೀ? ಸಾಲದ ಸಂಘದಾಕಿ ಏನು?"

"ಅಲ್ರೀ ಯವ್ವಾ. ನಿಮ್ಮ ಮೊಮ್ಮಗಳು ಸಾಲಿಗಿ ಹೊಂಟಾಳೋ ಇಲ್ಲೋ ಕೇಳಾಕ ಬಂದೀನಿ."

"ಹೊಂಟಾಳ. ಏಳನೇತ್ತ್ಯಾಗ ಅದಾಳ. ಅಕಿ ಅವ್ವನ ಸುದ್ದಿ ಮಾತ್ರ ತಗೀಬ್ಯಾಡ."

"ತಗಿಯಂಗಿಲ್ರಿ. ಒಂದ ತಂಬಿಗಿ ನೀರ ಕೊಡ್ರಿ, ಬಿಸಲಾಗ ನಡಕೊಂಡ ಬಂದೀನಿ."

ನೀರು ಕೇಳುವುದರಲ್ಲಿ ಒಂದು ಲೆಕ್ಕವಿದೆ. ನೀರು ಕೊಟ್ಟ ಮನೆ ಬಂದವಳನ್ನು ನಿಂತ ಕಾಲಲ್ಲಿ ಕಳಿಸುವುದಿಲ್ಲ. ಕಟ್ಟೆಯ ಮೇಲೆ ಕೂರಿಸುತ್ತದೆ, ಕೂತ ಮೇಲೆ ಮಾತು ಬರುತ್ತದೆ. ಅವತ್ತು ಸೊಸೆಯ ಹೆಸರೇ ಬರದಿರಬಹುದು. ಎರಡನೇ ಸಲ ಹೋದಾಗ ಅತ್ತೆಯೇ ಮೆಲ್ಲಗೆ, 'ಅಲ್ಲಿ ಊಟಕ್ಕ ಏನ ಕೊಡತಾರವಾ' ಎಂದು ಕೇಳಬಹುದು. ಆ ಪ್ರಶ್ನೆ ಬಂತೆಂದರೆ ದಾರಿ ಇದೆ ಎಂದರ್ಥ. ಮೂರನೇ ಸಲವೂ ಬಾರದಿದ್ದರೆ ಬೇರೆ ದಾರಿ ನೋಡಬೇಕು: ತವರಿನ ಅಕ್ಕ, ಮದುವೆಯಾಗಿ ಬೇರೆ ಊರಿನಲ್ಲಿರುವ ತಂಗಿ, ಎಂದೋ ಜೊತೆಗೆ ಕಳೆ ತೆಗೆಯಲು ಹೋಗುತ್ತಿದ್ದ ಗೆಳತಿ. ತಾಯಿ ಮನೆಗೆ ಬರಲಿ ಎಂದು ಕಾದಿರುವ ಜೀವ ಹೆಚ್ಚಿನ ಮನೆಗಳಲ್ಲಿ ಯಾವುದಾದರೂ ಒಂದಿರುತ್ತದೆ, ಕೆಲವು ಸಲ ಅದು ಹದಿಮೂರು ವರ್ಷದ ಮಗಳು ಮಾತ್ರ. ಅವಳ ಮಾತಿಗೆ ಮನೆಯಲ್ಲಿ ಬೆಲೆ ಬರುವಂತೆ ಮಾಡುವುದೂ ಕಾರ್ಯಕರ್ತೆಯ ಕೆಲಸವೇ.

ಪೆರೋಲ್ ಸಿಗುವವರಿಗೆ ಅದೊಂದು ತಾಲೀಮು. ಕೆಲವು ದಿನ ಊರಿಗೆ ಹೋಗಿ ಬಂದರೆ ಎಲ್ಲಿ ನೋಯುತ್ತದೆ, ಯಾರು ಮುಖ ತಿರುಗಿಸುತ್ತಾರೆ, ಯಾರು ಚಹಾ ಕೊಡುತ್ತಾರೆ ಎಂದು ತಿಳಿಯುತ್ತದೆ. ಇದೇ ಕಾರಣಕ್ಕೆ ಹೆಂಗಸರ ಬಯಲು ಬಂದೀಖಾನೆಗಳು ಹೆಚ್ಚಬೇಕೆಂದು ನಾನು ನಂಬುತ್ತೇನೆ. ಮಹಾರಾಷ್ಟ್ರದ ಯೆರವಡಾದಲ್ಲಿ, ಕೇರಳದ ಪೂಜಪ್ಪುರದಲ್ಲಿ ಅಂಥವು ಇವೆ. ಎತ್ತರದ ಗೋಡೆಯೊಳಗೆ ವರ್ಷಗಟ್ಟಲೆ ಇದ್ದವಳನ್ನು ಒಂದೇ ದಿನ ಬಸ್ ನಿಲ್ದಾಣಕ್ಕೆ ತಂದು ಬಿಡುವುದಕ್ಕಿಂತ, ತೋಟದ ಕೆಲಸ ಮಾಡುತ್ತಾ, ಬಾಗಿಲು ತಾನೇ ತೆರೆಯುತ್ತಾ, ಹೊರಗಿನ ಗಾಳಿಗೆ ಹೊಂದಿಕೊಳ್ಳುವುದು ಲೇಸು.

ಬಿಡುಗಡೆಯ ದಿನದ ವಿಷಯಕ್ಕೆ ಬಂದರೆ, ಹೊತ್ತು ಮುಖ್ಯ. ಕೋರ್ಟಿನ ಆದೇಶ ಮಿಂಚಂಚೆಯಲ್ಲಿ ಬಂದರೂ ಪರಿಶೀಲನೆ, ಸಹಿ, ಲೆಕ್ಕ ಎಂದು ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಸಂಜೆ ಏಳಕ್ಕೆ ಒಂಟಿ ಹೆಂಗಸು ಜೈಲಿನ ಗೇಟಿನ ಮುಂದೆ ನಿಂತಿದ್ದಾಳೆಂದರೆ ಅವಳನ್ನು ಹುಡುಕಿಕೊಂಡು ಬರುವವರಲ್ಲಿ ಒಳ್ಳೆಯವರು ಕಡಿಮೆ. ಅವಳನ್ನು ಆ ಕೇಸಿಗೆ ಎಳೆದವನೇ ಕಾದಿರಬಹುದು. ಮೈಮಾರಾಟದ ಜಾಲದಿಂದ ಬಂದವರ ವಿಷಯದಲ್ಲಿ ಇದು ನಿಜವಾದ ಅಪಾಯ. ಆದ್ದರಿಂದ ಆದೇಶ ಬರುವ ಸುಳಿವು ಸಿಕ್ಕ ದಿನ ಕಾರ್ಯಕರ್ತೆ ಮಧ್ಯಾಹ್ನದಿಂದಲೇ ಗೇಟಿನ ಬಳಿ ಇರುತ್ತಾಳೆ. ಜೊತೆಗೆ ಒಂದು ಬದಲಿ ಬಟ್ಟೆ, ಚಪ್ಪಲಿ, ಊಟ. ರಾತ್ರಿ ಉಳಿಯುವ ಜಾಗವನ್ನು ಮೊದಲೇ ಮಾತಾಡಿ ಇಟ್ಟಿರುತ್ತಾಳೆ.

ಮೊದಲ ಕೆಲವು ರಾತ್ರಿಗಳು ವಿಚಿತ್ರ. ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ, ಮಗ್ಗುಲಿಗೆ ಹತ್ತಾರು ಹೆಂಗಸರ ಉಸಿರು. ಕತ್ತಲ ಕೋಣೆಯಲ್ಲಿ ಒಬ್ಬಳೇ ಮಲಗೆಂದರೆ ನಿದ್ದೆ ಬರುವುದಿಲ್ಲ. ಎಣಿಕೆಯ ಹೊತ್ತಿಗೆ ಎಚ್ಚರವಾಗುತ್ತದೆ. ಬಾಗಿಲ ಮುಂದೆ ನಿಂತು ಯಾರಾದರೂ ತೆರೆಯಲಿ ಎಂದು ಕಾಯುವವರಿದ್ದಾರೆ. ಇದನ್ನೆಲ್ಲ ಬಲ್ಲವರು ಮೊದಲ ದಿನವೇ ಕಚೇರಿ, ಬ್ಯಾಂಕು ಎಂದು ಎಳೆದಾಡುವುದಿಲ್ಲ. ದೀಪ ಹಾಕಿಕೊಂಡೇ ಮಲಗು ಎನ್ನುತ್ತಾರೆ. ಮರುದಿನ ಸಂತೆಗೆ ಕರೆದುಕೊಂಡು ಹೋಗಿ, ಯಾವ ತರಕಾರಿ ಬೇಕೋ ನೀನೇ ಆರಿಸು ಎಂದು ಕೈಗೆ ಚೀಲ ಕೊಡುತ್ತಾರೆ. ಏನು ಉಣ್ಣಬೇಕೆಂದು ತೀರ್ಮಾನಿಸುವ ಕೆಲಸ ವರ್ಷಗಳಿಂದ ಅವಳದಾಗಿರಲಿಲ್ಲ.

ಎಲ್ಲೂ ಹೋಗಲು ಮನೆಯಿಲ್ಲದವರಿಗೆ ಆಶ್ರಯ ಕೇಂದ್ರಗಳಿವೆ. ಸ್ವಾಧಾರ ಗೃಹವೆಂದಿದ್ದದ್ದು ಈಗ ಶಕ್ತಿ ಸದನ. ಬಿಡುಗಡೆಯಾಗಿ ಯಾರ ಆಸರೆಯೂ ಇಲ್ಲದ ಹೆಂಗಸರಿಗೂ ಅಲ್ಲಿ ಅವಕಾಶವುಂಟು. ಒಳ್ಳೆಯ ವ್ಯವಸ್ಥೆ, ಆದರೆ ಒಂದು ಮಾತು ಹೇಳಲೇಬೇಕು. ಬೀಗ ಹಾಕಿದ ಗೇಟು, ಹೊರಗೆ ಹೋಗಲು ಚೀಟಿ, ಸಂಜೆಗೆ ಹಾಜರಿ ಎಂದು ನಡೆಸುವ ಆಶ್ರಯ ಇನ್ನೊಂದು ಜೈಲಿನಂತೆಯೇ ಅವಳಿಗೆ ಕಾಣುತ್ತದೆ. ಒಳಗಿರುವವರ ಕೈಯಲ್ಲೇ ಅಡುಗೆಮನೆಯ ಉಗ್ರಾಣದ ಬೀಗದ ಕೈ ಇರುವ ಕೇಂದ್ರ ಹೆಚ್ಚು ಗುಣ ಮಾಡುತ್ತದೆ.

ಇನ್ನು ಕೆಲಸ. ಜೈಲಿನಲ್ಲಿ ಹೊಲಿಗೆ, ಕಸೂತಿ, ಹಪ್ಪಳ, ಊದಿನಕಡ್ಡಿ ಕಲಿಸುತ್ತಾರೆ. ಕರ್ನಾಟಕದಲ್ಲಿ ಶಿಕ್ಷಾಬಂದಿಗಳ ದಿನಗೂಲಿಯನ್ನು ಕೆಲವು ವರ್ಷಗಳ ಹಿಂದೆ ಸುಮಾರು ಮೂರು ಪಟ್ಟು ಹೆಚ್ಚಿಸಿ, ಕೌಶಲ ಬೇಡದ ಕೆಲಸಕ್ಕೂ 524 ರೂಪಾಯಿ ಮಾಡಿದರು. ಅದೊಂದು ದೊಡ್ಡ ಉಪಕಾರ. ವರ್ಷಗಳ ಕೂಲಿ ಖಾತೆಯಲ್ಲಿದ್ದರೆ ಹೊರಗಿನ ಮೊದಲ ತಿಂಗಳುಗಳು ನಡೆಯುತ್ತವೆ. ಆದರೆ ಆ ದುಡ್ಡಿನ ಸುದ್ದಿ ತಿಳಿದು, ಅಷ್ಟು ದಿನ ತಿರುಗಿ ನೋಡದ ನೆಂಟರು ಗೇಟಿಗೆ ಬಂದದ್ದೂ ಉಂಟು. ಪಾಸ್‌ಬುಕ್ ನಿನ್ನ ಹತ್ತಿರವೇ ಇರಲಿ, ಎಟಿಎಂ ಪಿನ್ ಯಾರಿಗೂ ಹೇಳಬೇಡ ಎಂಬ ಮಾತನ್ನು ಕಾರ್ಯಕರ್ತೆ ಒಳಗಿರುವಾಗಲೇ ಹತ್ತು ಸಲ ಹೇಳಿರುತ್ತಾಳೆ.

ಕಲಿತ ಹೊಲಿಗೆ ಹೊರಗೆ ಅನ್ನ ಕೊಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಒಳಗೆ ಕಾಲಲ್ಲಿ ತುಳಿಯುವ ಯಂತ್ರದಲ್ಲಿ ಅವಸರವಿಲ್ಲದೆ ಕಲಿತವಳು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ಟಿಗೆ ಪವರ್ ಮೆಷಿನ್ ಮುಂದೆ ಕೂತರೆ ಮೊದಲ ವಾರಕ್ಕೇ ಕೈಸೋಲುತ್ತಾಳೆ. ಅದಕ್ಕೇ ಕಾರ್ಖಾನೆಗೆ ಕಳಿಸುವ ಮೊದಲು ಎಲ್ಲಾದರೂ ಪವರ್ ಮೆಷಿನ್ನಿನ ಮೇಲೆ ಕೈ ಕೂರಿಸುತ್ತಾರೆ. ಮುಂಬಯಿಯ ಪ್ರಯಾಸ್ ಇದಕ್ಕೊಂದು ಸೊಗಸಾದ ಉಪಾಯ ಕಂಡುಕೊಂಡಿದೆ. ಹೊರಬಂದವರನ್ನು ಬೇರೆ ಸ್ವಯಂಸೇವಾ ಸಂಸ್ಥೆಗಳಲ್ಲಿ ತರಬೇತಿಗೆ ಸೇರಿಸಿ, ಆ ಅವಧಿಗೆ ಸ್ಟೈಪೆಂಡ್ ತಾನೇ ಕೊಡುತ್ತದೆ. ಹಿನ್ನೆಲೆ ತಿಳಿದೂ ಅದನ್ನು ಎತ್ತಿ ಆಡದ ಜಾಗದಲ್ಲಿ ಹೊತ್ತಿಗೆ ಸರಿಯಾಗಿ ಬರುವುದು, ಲೆಕ್ಕ ಒಪ್ಪಿಸುವುದು, ಮೇಲಿನವರು ಗದರಿದರೆ ತಾಳಿಕೊಳ್ಳುವುದು ಎಲ್ಲ ರೂಢಿಯಾಗುತ್ತದೆ. ಆಮೇಲೆ ಹೊರಗಿನ ಕೆಲಸ.

ಮಾಲೀಕರಿಗೆ ಹಳೆಯ ವಿಷಯ ಹೇಳಬೇಕೋ ಬೇಡವೋ? ಇದಕ್ಕೆ ಒಂದೇ ಉತ್ತರವಿಲ್ಲ. ತೀರ್ಮಾನ ಅವಳದೇ ಆಗಿರಬೇಕೆಂಬುದೊಂದೇ ನಿಯಮ. ಆದರೆ ಕೇಸು ಇನ್ನೂ ನಡೆಯುತ್ತಿದ್ದರೆ ಮುಚ್ಚಿಡುವುದು ಕಷ್ಟ. ತಾರೀಖು ಬಿದ್ದ ದಿನ ಕೋರ್ಟಿಗೆ ಹೋಗಲೇಬೇಕು. ಹೋಗದಿದ್ದರೆ ವಾರಂಟು, ವಾರಂಟಾದರೆ ಮತ್ತೆ ಒಳಗೆ. ಎಷ್ಟೋ ಹೆಂಗಸರು ಎರಡನೇ ಸಲ ಜೈಲು ಸೇರುವುದು ಹೊಸ ತಪ್ಪಿಗಾಗಿ ಅಲ್ಲ, ರಜೆ ಸಿಗದೆ ತಾರೀಖು ತಪ್ಪಿದ್ದಕ್ಕೆ. ಕಾರ್ಯಕರ್ತೆಯ ಡೈರಿಯಲ್ಲಿ ಅದಕ್ಕೇ ಎಲ್ಲರ ತಾರೀಖುಗಳೂ ಇರುತ್ತವೆ. ಹಿಂದಿನ ದಿನ ಸಂಜೆ ಫೋನು, ಬರಲಾಗದಿದ್ದರೆ ವಕೀಲರ ಮೂಲಕ ಗೈರುಹಾಜರಿ ಮನ್ನಿಸುವ ಅರ್ಜಿ. ನೋಡಲು ಗುಮಾಸ್ತೆಯ ಕೆಲಸ. ಈ ಕಸುಬಿನಲ್ಲಿ ಇದರಷ್ಟು ಜನರನ್ನು ಉಳಿಸಿದ ಕೆಲಸ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಸ್ವಸಹಾಯ ಸಂಘದೊಂದಿಗೆ ಅವರು ನಡೆಸುವ ಮಾತುಕತೆ. ಒಳಗೆ ಹೋಗುವ ಮೊದಲು ಅವಳು ಸಂಘದಲ್ಲಿ ಸಾಲ ತೆಗೆದಿರುತ್ತಾಳೆ. ಬಂಧನವಾದ ಮೇಲೆ ಅವಳ ಕಂತನ್ನು ಉಳಿದ ಹೆಂಗಸರು ಕಟ್ಟಿರುತ್ತಾರೆ. ಅವರದೂ ಕೂಲಿಯ ದುಡ್ಡೇ. ಹಾಗಾಗಿ ಊರಿನ ಸಿಟ್ಟಿನಲ್ಲಿ ಒಂದು ಪಾಲು ನ್ಯಾಯವಾದದ್ದು. 'ಪಾಪ, ಕ್ಷಮಿಸಿಬಿಡಿ' ಎಂದು ಕೇಳಿಕೊಂಡರೆ ಅವರಿಗೆ ಇನ್ನೂ ಉರಿಯುತ್ತದೆ. ಬಲ್ಲ ಕಾರ್ಯಕರ್ತೆ ಸಭೆಯಲ್ಲಿ ಲೆಕ್ಕದ ಪುಸ್ತಕ ತೆಗೆಸುತ್ತಾಳೆ. ಯಾರು ಎಷ್ಟು ಕಟ್ಟಿದ್ದೀರಿ, ಹೇಳಿ. ಬರೆದುಕೊಳ್ಳುತ್ತಾಳೆ. ವಾರಕ್ಕೆ ಇಷ್ಟೆಂದು ಒಪ್ಪಂದ ಮಾಡಿಸುತ್ತಾಳೆ, ಮೊದಲ ಕಂತನ್ನು ಎಲ್ಲರೆದುರು ಆ ಹೆಂಗಸಿನ ಕೈಯಿಂದಲೇ ಕೊಡಿಸುತ್ತಾಳೆ. ಅನುಕಂಪ ಬೇಡುವವಳಾಗಿ ಬಂದವಳು ಸಾಲ ತೀರಿಸುವವಳಾಗಿ ಕೂರುತ್ತಾಳೆ. ವಾರವಾರ ಬಂದು ಕಂತು ಕಟ್ಟುವವಳನ್ನು ಎಷ್ಟು ದಿನ ಮಾತಾಡಿಸದೆ ಇರಲಾದೀತು? ಹತ್ತು ಹೆಂಗಸರು ಮಾತಾಡಿಸಿದರೆ ಊರು ಮಾತಾಡಿಸಿದ ಹಾಗೆಯೇ.

ಎಲ್ಲರೂ ಪರಿಸ್ಥಿತಿಯ ಬಲಿಪಶುಗಳು ಎಂಬ ಮಾತು ನಿಜವಲ್ಲ, ಈ ಕೆಲಸದವರು ಹಾಗೆ ಹೇಳುವುದೂ ಇಲ್ಲ. ಸೊಸೆಯ ಸಾವಿಗಾಗಿ ಶಿಕ್ಷೆ ಅನುಭವಿಸಿ ಮುದುಕಿಯಾಗಿ ಹೊರಬರುವ ಅತ್ತೆಯರಿದ್ದಾರೆ. ವರದಕ್ಷಿಣೆ ಸಾವಿಗೆ ಕಾನೂನು ಇಟ್ಟ ಕನಿಷ್ಠ ಶಿಕ್ಷೆ ಏಳು ವರ್ಷ. ಅಂಥವಳಿಗೂ ಬಿಪಿ ಮಾತ್ರೆ ಬೇಕು, ಪಿಂಚಣಿಯ ಅರ್ಜಿ ಬೇಕು, ಇರಲು ಒಂದು ಮೂಲೆ ಬೇಕು. ಸತ್ತ ಹುಡುಗಿಯ ತವರಿನವರು ಅದೇ ಬೀದಿಯಲ್ಲಿದ್ದರೆ ಅವಳನ್ನು ಅಲ್ಲಿಗೆ ತಂದು ಕೂರಿಸುವುದು ಅವರಿಗೆ ಮಾಡುವ ಅನ್ಯಾಯ. ಬೇರೆ ಊರು ನೋಡಬೇಕು. ನ್ಯಾಯಾಲಯ ತನ್ನ ಕೆಲಸ ಮುಗಿಸಿದೆ, ನಾವು ಇನ್ನೊಮ್ಮೆ ತೂಗುವುದು ಬೇಡ ಎಂಬ ನಿಲುವನ್ನು ಉಳಿಸಿಕೊಂಡೇ, ನೊಂದವರ ಕಡೆಗೂ ಕಣ್ಣಿಟ್ಟು ನಡೆಯಬೇಕು. ಇದು ಓದಿನಿಂದ ಬರುವಂಥದ್ದಲ್ಲ.

ಕೊನೆಗೆ ಕಾರ್ಯಕರ್ತೆ ತಾನು ದೂರವಾಗುವುದನ್ನೂ ಕಲಿತಿರಬೇಕು. ಮೊದಲ ತಿಂಗಳು ದಿನಾ ಫೋನು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಮಗಳ ಪರೀಕ್ಷೆಯ ಹೊತ್ತಿಗೆ. ಮದುವೆಗೆ ಕರೆ ಬಂದರೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಾಳೆ. ಬಂದವರು ಯಾರೆಂದು ಬೀಗರು ಕೇಳಿದರೆ ಅವಳು ಏನೆಂದು ಹೇಳಬೇಕು? ಕರೆದವಳು 'ನಮ್ಮ ಅಕ್ಕ' ಎಂದು ಪರಿಚಯಿಸುವ ಧೈರ್ಯ ತೋರಿದರೆ ಹೋಗಿ ಉಂಡು ಬರುತ್ತಾಳೆ.

ಇಷ್ಟೆಲ್ಲ ಮಾಡುವವರಲ್ಲಿ ಹೆಚ್ಚಿನವರಿಗೆ ಕಾಯಂ ಹುದ್ದೆಯಿಲ್ಲ, ಯೋಜನೆಯ ಅನುದಾನ ಇರುವತನಕ ಸಂಬಳ. ಪ್ರೊಬೇಷನ್ ಅಧಿಕಾರಿಗಳ ಮೇಜಿನ ಮೇಲೆ ಬೇರೆ ಹತ್ತು ಇಲಾಖಾ ಕೆಲಸಗಳಿರುತ್ತವೆ. ಪ್ರತಿ ಮಹಿಳಾ ವಿಭಾಗಕ್ಕೆ ತರಬೇತಾದ ಒಬ್ಬ ಸಮಾಜ ಕಾರ್ಯಕರ್ತೆಯ ಕಾಯಂ ಹುದ್ದೆ ಸರ್ಕಾರಕ್ಕೆ ಭಾರವಾಗುವ ಖರ್ಚಲ್ಲ. ಅದು ಬರುವವರೆಗೆ ಇರುವ ಬಾಗಿಲುಗಳನ್ನಾದರೂ ಬಳಸಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಅದರ ಕಚೇರಿ ಇದೆ, ಸಹಾಯವಾಣಿ 15100. ನಿಮ್ಮದೊಂದು ಹೊಲಿಗೆ ಘಟಕವಿದ್ದರೆ, ಹಾಸ್ಟೆಲ್ಲಿನ ಅಡುಗೆಮನೆಗೆ ಕೆಲಸದವರು ಬೇಕಿದ್ದರೆ, ಬಾಡಿಗೆಗೆ ಕೊಡಲು ಒಂದು ಕೋಣೆಯಿದ್ದರೆ ಅಲ್ಲಿ ಹೋಗಿ ಹೇಳಿ ಬರಬಹುದು. ಸಂಬಳ ಎಷ್ಟು ಎನ್ನುವುದಕ್ಕೆ ಮೊದಲು, ತಾರೀಖಿನ ದಿನ ರಜೆ ಕೊಡುತ್ತೀರಾ ಎಂದು ಅವರು ಕೇಳುತ್ತಾರೆ.